ಮಲಪ್ರಭೆಯ ದಂಡೆಗುಂಟ: ನವಿಲುತೀರ್ಥದಿಂದ ಇಳಕಲ್ಲಿನವರೆಗೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ. ಮೂರು ಹೆಸರೂ ಒಂದೇ ಉಸಿರಿಗೆ ಬಾಯಿಗೆ ಬರುತ್ತವೆ. ಹೊಸಪೇಟೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಳಿಗ್ಗೆ ಕಾರು ಹತ್ತಿ, ಮೂರನ್ನೂ ನೋಡಿ, ರಾತ್ರಿ ಊಟಕ್ಕೆ ವಾಪಸ್ ಬರುವವರೇ ಜಾಸ್ತಿ. ಗುಡಿಗಳ ಫೋಟೋ ಸಿಗುತ್ತದೆ, ನಿಜ. ಆದರೆ ಆ ಗುಡಿಗಳ ಪಕ್ಕದಲ್ಲೇ ಹರಿಯುವ ಹೊಳೆ, ಆ ಹೊಳೆ ನಂಬಿದ ಊರು, ಆ ಊರಿನ ಮಗ್ಗ, ರೊಟ್ಟಿ, ಜಾತ್ರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಬಂದವರ ಕೈಯಿಂದ ಆ ಊರಿಗೆ ನಾಲ್ಕು ಕಾಸೂ ಸೇರುವುದಿಲ್ಲ.

ಹಾಗಾಗಿ ನಾನು ಹೊಳೆಯನ್ನೇ ಹಿಡಿದು ಹೊರಟೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮ ಘಟ್ಟದ ಮಳೆನಾಡಿನಲ್ಲಿ. ಅಲ್ಲಿಂದ ಸುಮಾರು 300 ಕಿಲೋಮೀಟರ್ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಾನು ಆರಿಸಿಕೊಂಡಿದ್ದು ನವಿಲುತೀರ್ಥದಿಂದ ಕೆಳಗಿನ ದಾರಿ. ಕಾಲ ಬನದ ಹುಣ್ಣಿಮೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆ, ಆದ ಮೇಲಿನ ವಾರ. ಹೊಲದಲ್ಲಿ ಹಿಂಗಾರಿ ಜೋಳ ತೆನೆ ಬಿಟ್ಟು ನಿಂತಿತ್ತು. ಓಡಾಟಕ್ಕೆ ಸರ್ಕಾರಿ ಬಸ್ಸು, ಬಸ್ಸಿಲ್ಲದ ಕಡೆ ಟಂಟಂ, ಅಂದರೆ ಶೇರ್ ಆಟೋ.

ಮಂಗಳವಾರ: ನವಿಲುತೀರ್ಥ, ಸವದತ್ತಿ

ಮಂಗಳವಾರ ಸವದತ್ತಿಗೆ ಹೋಗಬಾರದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವತ್ತು ಎಲ್ಲಮ್ಮನ ವಾರ. ರಶ್ ಇರುತ್ತದೆ, ಆದರೆ ಆ ರಶ್ಶೇ ನೋಡಬೇಕಾದ್ದು. ಟ್ರ್ಯಾಕ್ಟರ್ ಟ್ರಾಲಿಗೆ ತಾಡಪತ್ರಿ ಕಟ್ಟಿಕೊಂಡು, ಒಲೆ, ಕಟ್ಟಿಗೆ, ಹಿಟ್ಟು, ಅಜ್ಜಿ, ಮೊಮ್ಮಗು ಎಲ್ಲರನ್ನೂ ಏರಿಸಿಕೊಂಡು ಬಂದವರು. ಮೊದಲು ಎತ್ತಿನ ಗಾಡಿ ಬರುತ್ತಿದ್ದ ದಾರಿ ಅದು, ಈಗಲೂ ಅಲ್ಲೊಂದು ಇಲ್ಲೊಂದು ಗಾಡಿ ಬರುತ್ತದೆ. ಗುಡ್ಡದ ಬಯಲಲ್ಲೇ ಒಲೆ ಹೂಡಿ, ಹೋಳಿಗೆ, ಕಡುಬು ಮಾಡಿ, ದೇವಿಯ ನೈವೇದ್ಯದ ಬುಟ್ಟಿ, ಪಡಲಗಿ, ತುಂಬಿಸುತ್ತಾರೆ. ಗಾಳಿಯಲ್ಲೆಲ್ಲ ಭಂಡಾರದ ಹಳದಿ. ‘ಉಧೋ ಉಧೋ’ ಕೂಗು ಕೇಳಿ ಕೇಳಿ, ಸಂಜೆ ರೂಮಿಗೆ ಬಂದ ಮೇಲೂ ಕಿವಿಯಲ್ಲಿ ಅದೇ.

ಈ ಗುಡ್ಡಕ್ಕೆ ಒಂದು ನೋವಿನ ಚರಿತ್ರೆಯೂ ಇದೆ. ಬಡ ಮನೆಯ ಹೆಣ್ಣುಮಕ್ಕಳಿಗೆ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿ ದೇವದಾಸಿ ಮಾಡುತ್ತಿದ್ದರು. ರಾಜ್ಯ ಸರ್ಕಾರ 1982ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಬೆಳಗಾವಿ ಜಿಲ್ಲೆಯಲ್ಲಿ ಆ ಬದುಕು ಬದುಕಿದ ಹೆಂಗಸರೇ ಸಂಘ ಕಟ್ಟಿಕೊಂಡು, ಊರೂರು ತಿರುಗಿ, ಇನ್ನೊಂದು ಮಗುವಿಗೆ ಹಾಗಾಗದಂತೆ ಕಾದರು. ಪರಂಪರೆ ಅಂತ ಬಂದದ್ದನ್ನೆಲ್ಲ ಕಣ್ಣುಮುಚ್ಚಿ ಉಳಿಸಿಕೊಳ್ಳಬೇಕಿಲ್ಲ. ಯಾವುದನ್ನು ಬಿಡಬೇಕು ಅಂತ ಆ ಹೆಂಗಸರು ನಮಗಿಂತ ಮೊದಲೇ ನಿರ್ಧರಿಸಿದ್ದರು. ಈ ಕಣಿವೆಯ ದೊಡ್ಡ ಕೆಲಸಗಳ ಪಟ್ಟಿಯಲ್ಲಿ ನಾನು ಅವರ ಕೆಲಸವನ್ನು ಗುಡಿಗಳಿಗಿಂತ ಕೆಳಗೆ ಇಡಲಾರೆ.

ಮಧ್ಯಾಹ್ನ ನವಿಲುತೀರ್ಥ. ಎರಡು ಗುಡ್ಡದ ನಡುವೆ ಹೊಳೆ ಕೊರೆದುಕೊಂಡ ಇಕ್ಕಟ್ಟು ಜಾಗ. 1970ರ ದಶಕದ ಮೊದಲಲ್ಲಿ ಇಲ್ಲೇ ಅಣೆಕಟ್ಟು ಎದ್ದಿತು. ಹಿಂದೆ ನಿಂತ ನೀರಿಗೆ ರೇಣುಕಾ ಸಾಗರ ಅಂತ ಹೆಸರು, ತುಂಬಿದರೆ ಸುಮಾರು 37 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಯಲ್ಲಿ ಬರುವುದೂ ಇದೇ ನೀರು. ‘ತುಂಬಿದರೆ’ ಅನ್ನುವ ಮಾತಿನ ಮೇಲೆ ಈ ಸೀಮೆಯ ಬಾಳು ನಿಂತಿದೆ. ಎಷ್ಟೋ ವರ್ಷ ತುಂಬಿಲ್ಲ.

ಬುಧವಾರ: ನರಗುಂದದ ಕಾಲುವೆ, ಕೊಣ್ಣೂರಿನ ಸೇತುವೆ

ನರಗುಂದದ ಹತ್ತಿರ ನಮ್ಮ ಕಾಕಾ ಇದ್ದಾರೆ. ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ ರೈತ. ಬಸ್ಸಿಳಿದವನನ್ನು ಮನೆಗೂ ಕರೆದುಕೊಂಡು ಹೋಗದೆ ಸೀದಾ ಬೈಕ್ ಹತ್ತಿಸಿ ಕಾಲುವೆಗೆ ಕರೆದೊಯ್ದರು.

“ಇದನ್ನ ಮೊದ್ಲ ನೋಡು ತಮ್ಮಾ. ಚಾ ಆಮ್ಯಾಲೆ ಕುಡಿಯೂಣು.”

ಕಾಲುವೆಯಲ್ಲಿ ಮೊಣಕಾಲುದ್ದ ನೀರಿತ್ತು. ದಂಡೆಯ ಕಲ್ಲು ಅಲ್ಲಲ್ಲಿ ಕಿತ್ತು ಬಿದ್ದಿತ್ತು. ಕಾಕಾನ ಹೊಲ ಕಾಲುವೆಯ ತುದಿಯ ಕಡೆ. ಮೇಲಿನವರು ಹರಿಸಿಕೊಂಡು ಉಳಿದರೆ ಇವರಿಗೆ. ಕಾಲುವೆ ಬರುವ ಮೊದಲು ಇಲ್ಲಿ ಹತ್ತಿ, ಬಿಳಿಜೋಳ, ಕಡಲೆ, ಕುಸುಬಿ ಬೆಳೆಯುತ್ತಿದ್ದರು. ಹಿಂಗಾರಿ ಇಬ್ಬನಿಗೇ ಕಾಳು ಕಟ್ಟುವ ಬೆಳೆಗಳು ಅವು. ನೀರು ಬಂದ ಮೇಲೆ ಗೋವಿನಜೋಳ, ಉಳ್ಳಾಗಡ್ಡಿ, ಸೂರ್ಯಕಾಂತಿ ಬಂದವು. ಕೈಯಲ್ಲಿ ರೊಕ್ಕ ಓಡಾಡಿತು, ಅದರ ಜೊತೆಗೆ ಸಾಲವೂ.

“ನೀರ್ ಬರ್ತೈತಿ ಅಂತ ಬಿತ್ತೂದು. ಬರ್ಲಿಲ್ಲಂದ್ರ ಬಿತ್ತಿದ್ದೂ ಹೋತು, ಗೊಬ್ಬರದ ರೊಕ್ಕಾನೂ ಹೋತು,” ಅಂದರು ಕಾಕಾ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

ಸಿಟ್ಟು ಮಾಡಿಕೊಂಡ ಕಾಲವೂ ಒಂದಿತ್ತು. ಕಾಲುವೆಯಿಂದ ಜಮೀನಿನ ಬೆಲೆ ಏರಿತು ಅಂತ ಸರ್ಕಾರ ಬೆಟರ್‌ಮೆಂಟ್ ಲೆವಿ ಹಾಕಿತು. ಎಷ್ಟೋ ಹೊಲಕ್ಕೆ ನೀರೇ ತಲುಪಿರಲಿಲ್ಲ, ಕರ ಮಾತ್ರ ಬಂದಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಯಿತು, ಜೀವಗಳು ಹೋದವು. ಕರ್ನಾಟಕದ ರೈತ ಚಳವಳಿ ದೊಡ್ಡದಾಗಿ ಎದ್ದು ನಿಂತದ್ದು ಆ ಕಿಡಿಯಿಂದ. ಇವತ್ತಿಗೂ ಜುಲೈ 21 ಬಂದರೆ ಇಲ್ಲಿ ಹುತಾತ್ಮರ ದಿನ ನಡೆಯುತ್ತದೆ. ಕಾಕಾ ಆಗ ಹುಡುಗ. ಪೇಟೆಯ ಕಡೆಯಿಂದ ಜನ ಓಡಿ ಬಂದದ್ದು ಅವರಿಗೆ ನೆನಪಿದೆ.

ಆಮೇಲೆ ಕಳಸಾ-ಬಂಡೂರಿ. ಗೋವಾದ ಕಡೆ ಹರಿಯುವ ಮಹದಾಯಿಯ ಈ ಎರಡು ಹಳ್ಳಗಳ ಸ್ವಲ್ಪ ನೀರನ್ನು ಮಲಪ್ರಭೆಗೆ ತಿರುಗಿಸಿ ಅನ್ನುವ ಬೇಡಿಕೆ. 2015ರಲ್ಲಿ ನರಗುಂದದಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟ್‌ನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಯ ಪಾಲು 3.9. ಕಾಗದದ ಮೇಲಿನ ಆ ನೀರಿನ ಬಗ್ಗೆ ಕಾಕಾಗೆ ಅಂಕಿಯೆಲ್ಲ ಬಾಯಿಪಾಠ.

ಸಂಜೆ ಬಾದಾಮಿಯ ದಾರಿಯಲ್ಲಿ ಕೊಣ್ಣೂರು ಸಿಕ್ಕಿತು. ಇಲ್ಲಿ ಹೆದ್ದಾರಿ ಮಲಪ್ರಭೆಯನ್ನು ದಾಟುತ್ತದೆ. ಬೆಳಿಗ್ಗೆಯೆಲ್ಲ ನೀರಿಲ್ಲದ ಕಥೆ ಕೇಳಿದ್ದೆ. ಈ ಊರಿನವರು ಹೇಳುವುದು ನೀರು ಮನೆಗೆ ನುಗ್ಗಿದ ಕಥೆ. 2009ರಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ. ಮೇಲಿನಿಂದ ಅಣೆಕಟ್ಟಿನ ನೀರು, ಪಕ್ಕದಿಂದ ಬೆಣ್ಣಿಹಳ್ಳ, ಎರಡೂ ಒಟ್ಟಿಗೆ ಬಂದರೆ ಹೊಳೆಗೆ ಜಾಗ ಸಾಲುವುದಿಲ್ಲ. ಪಾತ್ರದೊಳಗೇ ಜಾಲಿ ಬೆಳೆದಿದೆ, ಹೂಳು ತುಂಬಿದೆ, ದಂಡೆ ಒತ್ತುವರಿ ಆಗಿದೆ. 2009ರ ನೆರೆ ಆದ ಮೇಲೆ ‘ಆಸರೆ’ ಹೆಸರಲ್ಲಿ ಈ ಭಾಗದಲ್ಲಿ ಹೊಸ ಮನೆಗಳು ಎದ್ದವು. ಎಷ್ಟೋ ಕಡೆ ಜನ ಅಲ್ಲಿಗೆ ಹೋಗಲೇ ಇಲ್ಲ. ಯಾಕೆ ಅಂತ ಚಹಾ ಅಂಗಡಿಯ ಹಿರಿಯರನ್ನು ಕೇಳಿದೆ.

“ಮನಿ ಚಲೋ ಅದಾವ್ರಿ. ಎಮ್ಮಿ ಎಲ್ಲಿ ಕಟ್ಟೂದು? ಹೊಟ್ಟು, ಮೇವು ಎಲ್ಲಿ ಒಟ್ಟೂದು?”

ಮನೆ ಕಟ್ಟಿಸಿದವರು ಮೊದಲು ಇವರನ್ನೊಂದು ಮಾತು ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಗುರುವಾರ: ಬಾದಾಮಿ

ಬಾದಾಮಿಯನ್ನು ಬೆಳಿಗ್ಗೆ ಆರೂವರೆಗೆ ನೋಡಬೇಕು. ಅಗಸ್ತ್ಯತೀರ್ಥದ ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ ಎದುರಿನ ಕೆಂಪು ಬಂಡೆಗೆ ಬಡಿದು ಎರಡು ಸಲ ಕೇಳುತ್ತದೆ. ದಂಡೆಯಲ್ಲಿ ಭೂತನಾಥನ ಗುಡಿ, ಮೇಲೆ ಕೋಟೆ, ಈಚೆ ಬದಿ ಜನರ ಮನೆ. ಬಂಡೆಗೆ ಆತುಕೊಂಡೇ ಓಣಿಗಳು. ಚಾಲುಕ್ಯರ ರಾಜಧಾನಿಯಾಗಿದ್ದ ಊರು ಪೂರ್ತಿ ಖಾಲಿಯಾಗಿ ಬರೀ ಸ್ಮಾರಕ ಆಗಿಲ್ಲ ಅನ್ನೋದು ನನಗೆ ತುಂಬಾ ಹಿಡಿಸಿದ ಸಂಗತಿ.

ಉತ್ತರದ ಕೋಟೆಯ ಬಂಡೆಯ ಮೇಲೆ ಒಂದನೇ ಪುಲಿಕೇಶಿಯ ಶಾಸನ ಇದೆ, ಕ್ರಿ.ಶ. 543ರದ್ದು. ವಾತಾಪಿಯ (ಬಾದಾಮಿಯ ಹಳೆಯ ಹೆಸರು) ಗುಡ್ಡವನ್ನು ಕೋಟೆ ಮಾಡಿದ ದಾಖಲೆ ಅದು. ದಕ್ಷಿಣದ ಬದಿಗೆ ನಾಲ್ಕು ಗುಹೆಗಳು. ಮೂರನೆಯದರಲ್ಲಿ ಮಂಗಳೇಶನ ಶಾಸನದ ತಾರೀಖು 578. ಗುಹೆಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನನ್ನನ್ನು ನಿಲ್ಲಿಸಿದ್ದು ಕಪ್ಪೆ ಅರಭಟ್ಟನ ಶಾಸನ. ಸುಮಾರು 700ರ ಕಾಲದ್ದು, ಬಂಡೆಯ ಮೇಲೆ ಕೊರೆದದ್ದು. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕಲಿಯುಗವೇ ತಿರುಗಿಬಿದ್ದ ಹಾಗೆ ಅಂತ ಒಬ್ಬ ಗಂಡಸಿನ ಗುಣ ಹೇಳುತ್ತದೆ. ರಾಜನ ವಂಶಾವಳಿ ಇಲ್ಲ, ದಾನದ ಲೆಕ್ಕ ಇಲ್ಲ. ನಮಗೆ ಸಿಕ್ಕಿರುವ ಹಳೆಯ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ, ಇಲ್ಲೇ ಇದೆ. ಬೀಸುವ ಕಲ್ಲಿನ ಮುಂದೆ ಕೂತು ಈ ಸೀಮೆಯ ಹೆಂಗಸರು ಹಾಡಿಕೊಂಡು ಬಂದ ಪದಗಳೂ ತ್ರಿಪದಿಯೇ. ಸಾವಿರದ ಮುನ್ನೂರು ವರ್ಷ ಒಂದು ಮಟ್ಟು ಜನರ ಬಾಯಲ್ಲಿ ಉಳಿಯಿತು ಅಂದರೆ ಸುಮ್ನೆ ಮಾತಲ್ಲ.

ಕೇಂದ್ರ ಸರ್ಕಾರ 2015ರಲ್ಲಿ ಪರಂಪರೆಯ ನಗರಗಳಿಗೆ ಹೃದಯ್ ಯೋಜನೆ ತಂದಾಗ ಆಯ್ದ 12 ಊರುಗಳಲ್ಲಿ ಬಾದಾಮಿಯೂ ಒಂದು. ದೊಡ್ಡ ದೊಡ್ಡ ನಗರಗಳ ಜೊತೆ ಇಷ್ಟು ಚಿಕ್ಕ ಊರು. ಒಳ್ಳೆಯದೇ. ಆದರೆ ಇಲ್ಲಿ ರಾತ್ರಿ ಉಳಿಯುವವರು ಜಾಸ್ತಿ ಆಗಬೇಕು. ನಾನಿದ್ದ ಲಾಡ್ಜಿನ ಹುಡುಗನ ಪ್ರಕಾರ, ಬಂದವರಲ್ಲಿ ಮುಕ್ಕಾಲು ಮಂದಿ ಗುಹೆ ಇಳಿದು ಬಂದು, ನೀರಿನ ಬಾಟಲಿ ಕೊಂಡು, ಕಾರು ಹತ್ತುತ್ತಾರೆ. ಒಂದು ರಾತ್ರಿ ಉಳಿದರೆ ಖಾನಾವಳಿಗೆ, ಆಟೋದವರಿಗೆ, ಗೈಡಿಗೆ, ಹಾಲಿನವರಿಗೆ ಎಲ್ಲರಿಗೂ ಅಷ್ಟಷ್ಟು ಹೋಗುತ್ತದೆ.

ಶುಕ್ರವಾರ: ಬನಶಂಕರಿ

ಬಾದಾಮಿಯಿಂದ ಐದು ಕಿಲೋಮೀಟರ್ ಚೊಳಚಗುಡ್ಡ, ಅಲ್ಲೇ ಬನಶಂಕರಿ. ಬನದ ಹುಣ್ಣಿಮೆಗೆ ತೇರು. ತೇರು ಮುಗಿದರೂ ಜಾತ್ರೆ ಮುಗಿಯುವುದಿಲ್ಲ, ವಾರಗಟ್ಟಲೆ ನಡೆಯುತ್ತದೆ. ದೇವಿಗೆ ಶಾಕಂಭರಿ ಅಂತಲೂ ಹೆಸರು. ಹುಣ್ಣಿಮೆಯ ಹಿಂದಿನ ದಿನ ಪಲ್ಯದ ಹಬ್ಬ, 108 ಬಗೆಯ ಪಲ್ಯ ಮಾಡಿ ನೈವೇದ್ಯ. ಗುಡಿಯ ಎದುರಿಗೆ ಹರಿದ್ರಾತೀರ್ಥ, ಅದರ ಸುತ್ತ ಕಲ್ಲಿನ ಪಡಸಾಲೆ.

ಪಡಸಾಲೆಯ ನೆರಳಲ್ಲಿ ರೊಟ್ಟಿ ಮಾರುವ ಹೆಂಗಸರು ಕೂತಿದ್ದರು. ಸುತ್ತಲಿನ ಹಳ್ಳಿಯವರು, ಬುಟ್ಟಿ ತಲೆ ಮೇಲೆ ಹೊತ್ತು ಬರುತ್ತಾರೆ. ನಾನು ಒಬ್ಬ ಅಜ್ಜಿಯ ಎದುರು ಕೂತೆ. ಬಿಳಿ ಬಟ್ಟೆ ತೆಗೆದರು. ಒಂದು ಕಡೆ ಜೋಳದ ಕಡಕ್ ರೊಟ್ಟಿ, ಇನ್ನೊಂದು ಕಡೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಎಲೆಯ ಮೇಲೆ ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಕೆಂಪು ಮೆಣಸಿನಕಾಯಿ ಚಟ್ನಿ, ಗುರೆಳ್ಳು ಪುಡಿ. ಕೊನೆಗೆ ಒಂದು ಪುಟ್ಟ ಮಣ್ಣಿನ ಗಡಿಗೆ, ಅದರಲ್ಲಿ ಮೊಸರು. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ, ಅಷ್ಟು ಗಟ್ಟಿ. ಬೆರಳಲ್ಲಿ ಕಿತ್ತು ಹಾಕಿದರು.

“ಇನ್ನೊಂದ್ ರೊಟ್ಟಿ ಹಾಕ್ಲೇನಪಾ?”

“ಸಾಕ್ರೀ ಅಜ್ಜಿ, ಹೊಟ್ಟಿ ತುಂಬೇತಿ.”

“ಗಾಡ್ಯಾಗ ಅಡ್ಡಾಡೋ ಹುಡುಗ, ಎಲ್ಲಿ ತುಂಬತೈತಿ. ಹಿಡಿ.”

ಅಜ್ಜಿ ರಾತ್ರಿ ಎರಡಕ್ಕೆ ಎದ್ದು ರೊಟ್ಟಿ ಬಡಿಯುತ್ತಾರೆ. ಜೋಳ ಮನೆಯ ಹೊಲದ್ದು, ಎಮ್ಮೆ ಮನೆಯದು, ಗಡಿಗೆ ಅದೇ ಸೀಮೆಯ ಕುಂಬಾರರದು. ಈ ಬುಟ್ಟಿಯ ದುಡಿಮೆಯಲ್ಲಿ ಮಗಳನ್ನು ನರ್ಸಿಂಗ್ ಓದಿಸಿದ್ದಾರೆ. ಹೊಲ, ಹೈನ, ಮಣ್ಣಿನ ಕೆಲಸ, ಅಡಿಗೆ ನಾಲ್ಕೂ ಒಂದೇ ಎಲೆಯ ಮೇಲೆ ಬಂದು, ಅದರ ದುಡ್ಡು ನಾಲ್ಕು ಮನೆಗೆ ಹೋಗುವ ಇಂಥ ವ್ಯಾಪಾರಕ್ಕೆ ಯಾರ ಸಾಲವೂ ಬೇಕಾಗಿಲ್ಲ. ಬೇಕಾದದ್ದು ಕೂತು ಮಾರಲು ನೆರಳು, ಕುಡಿಯುವ ನೀರು, ಹೆಂಗಸರಿಗೊಂದು ಶೌಚಾಲಯ. ಅಭಿವೃದ್ಧಿಯ ಹಣ ಮೊದಲು ಇಲ್ಲಿಗೆ ಬರಲಿ.

ಜಾತ್ರೆಯಲ್ಲಿ ಒಂದು ಸಾಲು ಪೂರ್ತಿ ಬಾಗಿಲುಗಳ ಅಂಗಡಿ. ಕೆತ್ತನೆಯ ಚೌಕಟ್ಟು, ತಲಬಾಗಿಲು, ದೇವರ ಮಂಟಪ. ಮನೆ ಕಟ್ಟಿಸುವವರು ಬಾಗಿಲು ತರಲು ಬನಶಂಕರಿ ಜಾತ್ರೆಗೇ ಕಾಯುತ್ತಾರೆ. ಇನ್ನೊಂದು ಸಾಲು ನಾಟಕದ ತಗಡಿನ ಥೇಟರು. ಎಷ್ಟೋ ವೃತ್ತಿ ಕಂಪನಿಗಳಿಗೆ ವರ್ಷದ ಗಳಿಕೆ ಈ ಜಾತ್ರೆಯ ಮೇಲೆ ನಿಂತಿದೆ. ರಾತ್ರಿ ಹತ್ತರ ಆಟಕ್ಕೆ ಹೋದೆ. ಹಾರ್ಮೋನಿಯಂ ಶುರುವಾದದ್ದೇ ತಡ, ಮುಂದಿನ ಸಾಲಿನ ಹೆಂಗಸರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು ನೆಟ್ಟಗೆ ಕೂತರು. ಬೆಳಗಿನ ಜಾವ ಹೊರಗೆ ಬಂದಾಗ ಚಳಿ, ಆದರೆ ಮಿರ್ಚಿ ಅಂಗಡಿಯ ಎಣ್ಣೆ ಇನ್ನೂ ಕಾಯುತ್ತಿತ್ತು.

ಶನಿವಾರ: ಪಟ್ಟದಕಲ್ಲು, ಐಹೊಳೆ

ದಾರಿಯಲ್ಲಿ ಮಹಾಕೂಟ. ಗುಡಿಗಳ ನಡುವೆ ಬತ್ತದ ಬುಗ್ಗೆಯ ಪುಷ್ಕರಣಿ, ಅದರಲ್ಲಿ ಈಜುವ ಹುಡುಗರು. ಅರ್ಧ ಗಂಟೆ ಕಾಲು ಇಳಿಬಿಟ್ಟು ಕೂತು ಮುಂದೆ ಹೊರಟೆ.

ಪಟ್ಟದಕಲ್ಲಿನಲ್ಲಿ ಪೂರ್ವಕ್ಕೆ ಹೋಗಬೇಕಾದ ಮಲಪ್ರಭೆ ಉತ್ತರಕ್ಕೆ ತಿರುಗುತ್ತಾಳೆ. ಅದಕ್ಕೇ ಜಾಗ ಪವಿತ್ರ, ಚಾಲುಕ್ಯ ರಾಜರಿಗೆ ಪಟ್ಟ ಕಟ್ಟುವ ಊರು. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ವಿರೂಪಾಕ್ಷನ ಗುಡಿ ಕಟ್ಟಿಸಿದಳು. ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನನ ಗುಡಿ ಕಟ್ಟಿಸಿದಳು. ವಿರೂಪಾಕ್ಷನಿಗೆ ಈಗಲೂ ಪೂಜೆ ನಡೆಯುತ್ತದೆ.

ರಾಣಿಯರ ಹೆಸರು ಎಲ್ಲ ಗೈಡುಗಳೂ ಹೇಳುತ್ತಾರೆ. ಕಟ್ಟಿದವನ ಹೆಸರೂ ಅಲ್ಲಿ ಕಲ್ಲಿನಲ್ಲಿದೆ: ಗುಂಡನ್ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟು ಗೌರವಿಸಿದರು. ಅದರ ಜೊತೆಗೆ ಈ ಸೀಮೆಯ ಕುಶಲಿಗಳ ಮೇಲಿದ್ದ ಬಹಿಷ್ಕಾರವನ್ನು ತೆಗೆದುಹಾಕಿದ್ದನ್ನೂ ಶಾಸನ ಹೇಳುತ್ತದೆ. ಗಾಯಕರಿಗೆ ಮೊದಲಿನಿಂದ ಸಲ್ಲುತ್ತಿದ್ದ ಹಕ್ಕನ್ನು ರಾಣಿ ಉಳಿಸಿಕೊಟ್ಟದ್ದಕ್ಕೂ ಇಲ್ಲಿ ಶಾಸನ ಇದೆ. ಗುಡಿ ಕಟ್ಟಿದ ಕಾಲಕ್ಕೇ ಕೆಲಸ ಬಲ್ಲವರ ಮಾನ, ಹಕ್ಕು ಎರಡೂ ಕಲ್ಲಿಗೆ ಏರಿದ್ದವು. ಈ ಪ್ರವಾಸದಲ್ಲಿ ನಾನು ಬಹಳ ಹೊತ್ತು ನಿಂತದ್ದು ಈ ಅಕ್ಷರಗಳ ಮುಂದೆ. ಶಿಲ್ಪಗಳಿಗಿಂತ ಇವೇ ನನಗೆ ದೊಡ್ಡವು ಅನ್ನಿಸಿತು.

2019ರ ನೆರೆಯಲ್ಲಿ ಹೊಳೆ ಈ ಗುಡಿಗಳ ಆವರಣಕ್ಕೂ ಬಂದಿತ್ತು. ಗುಡಿಗೆ ಆತುಕೊಂಡೇ ಇರುವ ಊರಿಗೂ ಬಂದಿತ್ತು. ಕಲ್ಲು ತೊಳೆದುಕೊಂಡು ಒಣಗಿತು. ಮನೆಗಳ ಮಣ್ಣಿನ ಗೋಡೆ ಒಣಗುವಷ್ಟರಲ್ಲಿ ಕುಸಿದವು.

ಐಹೊಳೆಗೆ ಟಂಟಂ ಸಿಕ್ಕಿತು. ಐಹೊಳೆಯಲ್ಲಿ ನೂರಕ್ಕೂ ಮಿಕ್ಕಿ ಗುಡಿಗಳಿವೆ. ಅವುಗಳ ಹೆಸರು ಕೇಳಿ: ಅಂಬಿಗೇರ ಗುಡಿ, ಬಡಿಗೇರ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡಖಾನ್ ಗುಡಿ. ಎಲ್ಲ ಅಲ್ಲಿ ಇದ್ದವರ, ನೋಡಿಕೊಂಡವರ ಹೆಸರು. ತಲೆಮಾರುಗಟ್ಟಲೆ ಜನ ಗುಡಿಯೊಳಗೇ ಸಂಸಾರ ಮಾಡಿದರು, ದನ ಕಟ್ಟಿದರು, ಒಲೆ ಹಚ್ಚಿದರು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಹೆಮ್ಮೆಯಿಂದಲೇ ಹೇಳಿದರು: “ನಮ್ಮಜ್ಜ ಗುಡ್ಯಾಗ ಹುಟ್ಟಿದಾಂವ್ರಿ. ನಾವು ಇರದಿದ್ರ ಈ ಕಲ್ಲು ಯಾರ ಯಾರ ಮನಿ ಬುನಾದಿಗೆ ಹೋಗ್ತಿದ್ವು.”

ಇವರ ಈಗಿನ ಮನೆಯ ಹಿತ್ತಲ ಗೋಡೆಗೂ ಗುಡಿಯ ಜಗತಿಗೂ ನಡುವೆ ಒಬ್ಬರು ಅಡ್ಡ ತಿರುಗಿ ಹೋಗುವಷ್ಟು ಜಾಗ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಬಂದ 2010ರ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕು. ನೂರಕ್ಕೂ ಮಿಕ್ಕಿ ಗುಡಿ ಇರುವ ಊರಲ್ಲಿ ಎಲ್ಲಿ ನಿಂತರೂ ಯಾವುದಾದರೊಂದು ಗುಡಿಯ 100 ಮೀಟರ್ ಒಳಗೇ ಇರುತ್ತೀರಿ. ಮಗನಿಗೆ ಮದುವೆಯಾಗಿ ಇನ್ನೊಂದು ಕೋಣೆ ಬೇಕಾದರೆ ಕಟ್ಟುವ ಹಾಗಿಲ್ಲ. ಊರನ್ನೇ ಬೇರೆ ಕಡೆ ಎತ್ತುವ ಮಾತು ಹತ್ತಾರು ವರ್ಷದಿಂದ ಇದೆ, ಕೆಲಸ ತೆವಳುತ್ತಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಸ್ಥಳಾಂತರ ಬೇಕು ಅನ್ನುವವರಿಗೆ ಹೊಲದ ಹತ್ತಿರ, ಎಮ್ಮೆ ಕಟ್ಟುವ ಜಾಗ ಸಮೇತ ಮನೆ ಬೇಗ ಕೊಡಬೇಕು. ಇರುತ್ತೇವೆ ಅನ್ನುವವರಿಗೆ ಹಳೆಯ ಮನೆ ರಿಪೇರಿ ಮಾಡಿಕೊಳ್ಳಲು ಸುಲಭದ ದಾರಿ ಕೊಡಬೇಕು. ಅದೇ ಮನೆಗಳಲ್ಲಿ ಪ್ರವಾಸಿಗರು ಉಳಿಯುವಂತಾದರೆ ಊರಿಗೊಂದು ಆದಾಯವೂ ಆಗುತ್ತದೆ.

ಸಂಜೆ ಮೇಗುತಿ ಗುಡ್ಡ ಹತ್ತಿದೆ. 634ರಲ್ಲಿ ರವಿಕೀರ್ತಿ ಬರೆದ ಶಾಸನ ಅಲ್ಲಿದೆ. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಮಾತು ಅದರಲ್ಲಿದೆ. ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ಗುಡ್ಡದ ಹಿಂದೆ ಶಿಲಾಯುಗ ಮುಗಿದ ನಂತರದ ಬೃಹತ್ ಶಿಲಾ ಸಮಾಧಿಗಳು. ಮೇಲೆ ನಿಂತರೆ ಊರು, ಹೊಳೆ, ಜೋಳದ ಹೊಲ ಎಲ್ಲ ಕಾಣುತ್ತದೆ. ಈಗ ಇಷ್ಟು ಚಿಕ್ಕದಾದ ಈ ಊರಿನ ಹೆಸರು ಹೊತ್ತ ವ್ಯಾಪಾರಿ ಸಂಘ, ಅಯ್ಯಾವೊಳೆ ಐನೂರ್ವರು, ಕಡಲಾಚೆಗೂ ವ್ಯಾಪಾರ ಮಾಡಿತ್ತು. ಸುಮಾತ್ರಾದ ಬಾರೂಸ್ ಹತ್ತಿರ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಇವತ್ತು ಇದೇ ಸೀಮೆಯ ಹುಡುಗರು ಗೋವಾ, ಮಂಗಳೂರಿನ ಕಟ್ಟಡ ಕೆಲಸಕ್ಕೆ ರಾತ್ರಿ ಬಸ್ಸು ಹತ್ತುತ್ತಾರೆ.

ಭಾನುವಾರ: ಅಮೀನಗಡ, ಕೂಡಲಸಂಗಮ

ಅಮೀನಗಡದಲ್ಲಿ ಬಸ್ಸು ಬದಲಿಸುವಾಗ ಕರದಂಟು ಕೊಂಡೆ. ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ. ಬಾಣಂತಿಯರಿಗೆ ಕೊಡುತ್ತಿದ್ದ ತಿಂಡಿ ಈಗ ಇಡೀ ಊರಿನ ವ್ಯಾಪಾರ. ಬಸ್ ಸ್ಟ್ಯಾಂಡಿನ ಸುತ್ತ ಎಲ್ಲಿ ನೋಡಿದರೂ ಅದರದೇ ಅಂಗಡಿ.

ಕೂಡಲಸಂಗಮದಲ್ಲಿ ಹೊಳೆ ಮುಗಿಯುತ್ತದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ನಿಲ್ಲುವುದರಿಂದ ಮಲಪ್ರಭೆ ಎಲ್ಲಿ, ಕೃಷ್ಣೆ ಎಲ್ಲಿ ಅಂತ ಹೇಳುವುದು ಕಷ್ಟ. ಬಸವಣ್ಣನವರ ಐಕ್ಯಮಂಟಪ ಮುಳುಗದಿರಲಿ ಅಂತ ಸುತ್ತ ಬಾವಿಯ ಹಾಗೆ ದುಂಡನೆಯ ಗೋಡೆ ಎತ್ತಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಸುತ್ತ ನೀರು, ನಡುವೆ ಒಣ ನೆಲದಲ್ಲಿ ಮಂಟಪ. ಒಂದು ಪುಟ್ಟ ಮಂಟಪಕ್ಕಾಗಿ ಇಷ್ಟು ಮುತುವರ್ಜಿ ವಹಿಸಿದ್ದು ನೋಡಿ ಸಂತೋಷವಾಯಿತು. ಮನಸ್ಸು ಮಾಡಿದರೆ ನಮ್ಮ ಎಂಜಿನಿಯರುಗಳಿಗೆ ಏನೂ ಕಷ್ಟವಲ್ಲ, ಅಲ್ವಾ? ದಾಸೋಹದಲ್ಲಿ ಊಟ ಮಾಡಿ ಸಂಜೆಯೇ ಇಳಕಲ್ಲಿಗೆ ಬಂದೆ.

ಸೋಮವಾರ: ಇಳಕಲ್

ಇಳಕಲ್ಲಿನ ಓಣಿಗಳಲ್ಲಿ ಮಗ್ಗದ ಸಪ್ಪಳ ಎರಡು ಬಗೆ. ಪವರ್‌ಲೂಮಿನ ಎಡೆಬಿಡದ ಗಡಗಡ ಒಂದು. ಕೈಮಗ್ಗದ ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್ ಇನ್ನೊಂದು. ಎರಡನೆಯದನ್ನು ಹುಡುಕಿಕೊಂಡು ಹೋಗಬೇಕಾಯಿತು.

ಸಿಕ್ಕ ಮನೆಯಲ್ಲಿ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಟ್ಟು ನೇಕಾರರು ಕೂತಿದ್ದರು. “ಬರ್ರಿ, ಕುಂದರ್ರಿ” ಅಂದರು, ಕೈ ನಿಲ್ಲಿಸಲಿಲ್ಲ. ಅವರ ಹೆಂಡತಿ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನಾನು ಹೋದ ಹೊತ್ತಿಗೆ ಸೀರೆಯ ಮೈಯ ಹಾಸು ನೂಲಿಗೆ (ಮಗ್ಗದ ಉದ್ದಕ್ಕೆ ಹೂಡಿದ ಎಳೆಗಳಿಗೆ) ಸೆರಗಿನ ಹಾಸು ನೂಲು ಕೂಡಿಸುವ ಕೆಲಸ ಬಂತು. ಇದಕ್ಕೇ ಕೊಂಡಿ ಅನ್ನುತ್ತಾರೆ. ಇಳಕಲ್ ಸೀರೆಯ ಜೀವ ಇದು. ಮೈಗೆ ಹತ್ತಿ ನೂಲು, ಸೆರಗಿಗೆ ಕೆಂಪು ರೇಷ್ಮೆ, ಎರಡರ ಹಾಸೂ ಬೇರೆ ಬೇರೆ. ಒಂದೊಂದು ಎಳೆಯ ಕುಣಿಕೆಯಲ್ಲಿ ಇನ್ನೊಂದರ ಕುಣಿಕೆ ಹಾಕಿ ಎಳೆಯಬೇಕು. ಹೀಗೆ ಸಾವಿರಾರು ಎಳೆ. ಆ ತಾಯಿ ಕಣ್ಣು ಕಿಟಕಿಯ ಕಡೆ ಇಟ್ಟು, ಬೆರಳಿನಿಂದಲೇ ಎಳೆ ಹುಡುಕಿ ಕೂಡಿಸುತ್ತಿದ್ದರು. ಒಂದು ಎಳೆ ತಪ್ಪಿದರೆ ಸೆರಗಿನ ಉದ್ದಕ್ಕೂ ಗೆರೆ ಬೀಳುತ್ತದೆ. ಪ್ರತಿ ಸೀರೆಗೂ ಹಾಸು ಹೊಸದಾಗಿ ಹೂಡಿ, ಪ್ರತಿ ಸಲವೂ ಕೊಂಡಿ ಕೂಡಿಸಬೇಕು.

ಕೂಡಿಸಿದ ಮೇಲೆ ಬರುವುದು ತೋಪು ತೆನೆ ಸೆರಗು. ಕೆಂಪಿನ ಮೇಲೆ ಬಿಳಿಯ ತೆನೆ, ಹಣಿಗೆಯ ಹಲ್ಲು, ಕೋಟೆಯ ತೆನೆಗೋಡೆ. ಹೊಲದ ಜೋಳ, ಬಾದಾಮಿಯ ಕೋಟೆ ಎರಡನ್ನೂ ಕಂಡು ಬಂದವನಿಗೆ ಆ ಸೆರಗು ಗುರುತಿನವರ ಮುಖದ ಹಾಗೆ ಕಂಡಿತು. ಅಂಚಿಗೆ ಗೋಮಿ, ಚಿಕ್ಕಿ, ಗಾಯತ್ರಿ, ಪರಾಸಪೇಟ ಅನ್ನುವ ವಿನ್ಯಾಸಗಳು. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಎರಡು ಊರಿನ ಮಗ್ಗ ಸೇರಿ ಒಂದು ಉಡುಗೆ.

ಇಳಕಲ್ ಸೀರೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. ಆದರೂ ಪವರ್‌ಲೂಮಿನಲ್ಲಿ ನೇಯ್ದದ್ದನ್ನು ಕೈಮಗ್ಗದ್ದು ಅಂತ ಮಾರುವುದು ನಡೆಯುತ್ತಲೇ ಇದೆ. ಗುರುತಿಸಲು ನೇಕಾರರು ಒಂದು ದಾರಿ ಹೇಳಿಕೊಟ್ಟರು. ಮೈ ಮತ್ತು ಸೆರಗು ಕೂಡುವ ಜಾಗ ಹಿಡಿದು ತಿರುವಿ ನೋಡಿ. ಕೊಂಡಿ ಕೂಡಿಸಿದ್ದರೆ ಕುಣಿಕೆಗಳ ಸಣ್ಣ ಸಾಲು ಬೆರಳಿಗೆ ಸಿಗುತ್ತದೆ. ಅಂಗಡಿಯಲ್ಲಿ ಇದನ್ನು ನೋಡಿಯೇ ಕೊಳ್ಳಿ, ದಯವಿಟ್ಟು. ಕೈಮಗ್ಗದ ಬೆಲೆ ಕೊಟ್ಟು ಪವರ್‌ಲೂಮಿನ ಸೀರೆ ತಂದರೆ ಆ ಬೆಲೆ ಈ ಕುಣಿಯವರೆಗೆ ಬರುವುದಿಲ್ಲ.

ಅವರ ಮಗ ಗ್ರಾನೈಟ್ ಕೆಲಸಕ್ಕೆ ಹೋಗುತ್ತಾನೆ. ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಕ್ಕೂ ಹೋಗುತ್ತದೆ. ಕಲ್ಲಿನ ಕೆಲಸದಲ್ಲಿ ಕೂಲಿ ವಾರ ವಾರ ಕೈಗೆ ಬರುತ್ತದೆ, ಮಗ್ಗದಲ್ಲಿ ಸೀರೆ ಮುಗಿದ ಮೇಲೆ. ಹುಡುಗನನ್ನು ತಪ್ಪು ಅನ್ನಲು ಬಾಯಿ ಬರುವುದಿಲ್ಲ. ನೇರವಾಗಿ ಗಿರಾಕಿ ಸಿಕ್ಕರೆ ವಾಪಸ್ ಬರುತ್ತಾನಾ ಅಂತ ಕೇಳಿದೆ.

“ಫೋನಿನ್ಯಾಗ ಫೋಟೋ ಹಾಕಿ ಮಾರೂದು ಅಂವಗ ಗೊತ್ತೈತ್ರಿ. ತಿಂಗಳಿಗೆ ಇಷ್ಟ್ ಸೀರಿ ಹೋಗ್ತಾವ ಅಂತ ಖಾತ್ರಿ ಆದ್ರ ಕುಂದರ್ತಾನ,” ಅಂದರು ತಂದೆ.

ಊರಿನಲ್ಲಿ ವಿಜಯ ಮಹಾಂತೇಶ ಮಠ ಇದೆ. ಇಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆ ಮನೆಗೆ ಹೊರಟರು. ಕಾಳು, ಕಾಸು ಬೇಡಲಿಲ್ಲ. ನಿಮ್ಮ ಕುಡಿತ, ನಿಮ್ಮ ಚಟ ಇದರಲ್ಲಿ ಹಾಕಿ ಅಂದರು. ಸ್ವಾಮಿಗಳು 2018ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ದುಡಿದದ್ದು ಮನೆಗೆ ಬರಲಿ ಅನ್ನುವುದಕ್ಕೆ ಇಂಥದ್ದೂ ಬೇಕು. ಓಣಿಯ ಹೆಂಗಸರು ಆ ಜೋಳಿಗೆಯ ಮಾತು ಇಂದಿಗೂ ಆಡುತ್ತಾರೆ.

ಮಗ್ಗದ ಮನೆಯಲ್ಲೇ ಒಂದು ಚಂದ್ರಕಾಳಿ ಸೀರೆ ಕೊಂಡೆ. ಕಪ್ಪು ಮೈ, ಕೆಂಪು ಸೆರಗು. ಚೌಕಾಸಿ ಮಾಡಲಿಲ್ಲ. ಆ ತಾಯಿ ಸೀರೆ ಮಡಿಚುತ್ತಾ ಕೇಳಿದರು, “ಯಾರಿಗ್ರಿ ಇದು?”

“ನಮ್ಮ ಮನೆಯವರಿಗೆ.”

“ಮತ್ತ ಅವರನ್ನ ಯಾಕ ಬಿಟ್ಟು ಬಂದ್ರಿ? ಸೀರಿ ಉಡಾವ್ರು ಅವರು. ಮುಂದಿನ ಸಲ ಕರ್ಕೊಂಡ್ ಬರ್ರಿ, ಬಣ್ಣ ಅವರ ಆರಿಸ್ಲಿ. ಎರಡ್ ದಿನ ಮೊದ್ಲ ಫೋನ್ ಮಾಡ್ರಿ, ರೊಟ್ಟಿ ಮಾಡ್ತೀನಿ.”

ಅವರ ಮಗನ ನಂಬರ್ ಬರೆದುಕೊಂಡೆ. ಯುಗಾದಿ ಆದ ಮೇಲೆ ಬರುತ್ತೇವೆ ಅಂತ ಹೇಳಿ ಬಂದಿದ್ದೇನೆ.